ಮೊದಲು ಮಾತಾಡಿದವನು

ದುಧನಿ ಸಮೀಪದ ನಮ್ಮೂರಿನಲ್ಲಿ ಮಾತು ಬಿಡುವುದಕ್ಕೂ ಒಂದು ಕಾಯಿದೆಯಿದೆ. ಜಗಳವಾಡಿದ ಇಬ್ಬರಲ್ಲಿ ಮೊದಲು ಬಾಯಿ ತೆರೆದವನು ಸೋತಂತೆ. ತೀರ ಜರೂರಿದ್ದರೆ ಗೋಡೆಗೆ ಹೇಳಬಹುದು, ಇಲ್ಲವೇ ನಡುವೆ ನಿಂತ ಮೂರನೆಯವನಿಗೆ ಹೇಳಬಹುದು. ಅದು ಲೆಕ್ಕಕ್ಕೆ ಬರುವುದಿಲ್ಲ. ಕಲ್ಯಾಣಪ್ಪ ಮತ್ತು ಭೀಮಶಾ ಇವರ ನಡುವೆ ಒಂಬತ್ತು ವರ್ಷ ನಿಂತ ಮೂರನೆಯವನು ನಾನು, ಧರೆಪ್ಪ. ಇಬ್ಬರ ಹೊಲದ ಮಧ್ಯೆ ನನ್ನ ಹೊಲವಿರುವುದೇ ನಾನು ಮಾಡಿದ ತಪ್ಪು.

"ಧರೆಪ್ಪ, ಅವಗ ಹೇಳು, ಅವನ ಎತ್ತು ನನ್ನ ಜ್ವಾಳದಾಗ ಹೊಕ್ಕೇತಿ," ಎಂದು ಕಲ್ಯಾಣಪ್ಪ ಹೇಳುವನು. ಭೀಮಶಾ ಅಲ್ಲೇ ನಿಂತಿರುವನು, ಎರಡೂ ಕಿವಿ ನೆಟ್ಟಗಿರುವವನು. ಆದರೂ ನಾನು ಅವನ ಕಡೆ ತಿರುಗಿ ಅದನ್ನೇ ಮತ್ತೆ ಹೇಳಬೇಕು. ಹೇಳಿ ಮುಗಿಸುವತನಕ ಅವನು ಕದಲುತ್ತಿರಲಿಲ್ಲ, ಎತ್ತು ಮೇಯುತ್ತಲೇ ಇರುತ್ತಿತ್ತು. ಅದು ನನ್ನ ಹೊಲ ತುಳಿದುಕೊಂಡೇ ಬಂದದ್ದೆಂದು ಇಬ್ಬರೂ ಒಂದು ದಿನವೂ ಹೇಳಲಿಲ್ಲ.

ಇದಕ್ಕೆಲ್ಲ ಕಾರಣ ಭಜನೆ. ಚಿಕ್ಕಂದಿನಿಂದಲೂ ಭೀಮಶಾ ಹಾಡುವವನು, ಕಲ್ಯಾಣಪ್ಪ ತಾಳ ಹಾಕುವವನು. ಒಂದು ಸೋಮವಾರ ಮಠದಲ್ಲಿ ಊರೆಲ್ಲ ಕೂತಿದ್ದಾಗ ಭೀಮಶಾ ಹಾಡು ನಿಲ್ಲಿಸಿ, "ಕಲ್ಯಾಣ್ಯಾ, ತಾಳ ತಪ್ಪೇತಿ," ಎಂದ. ಕಲ್ಯಾಣಪ್ಪ ತಾಳ ಕೆಳಗಿಟ್ಟು ಎದ್ದು ಹೋದ. ತಪ್ಪಿತ್ತೋ ಇಲ್ಲವೋ ನನಗೆ ತಿಳಿಯದು. ನನಗೆ ನಿದ್ದೆ ಹತ್ತಿತ್ತು.

ಒಂಬತ್ತನೆಯ ವರ್ಷದ ಮಾಘದಲ್ಲಿ ಭೀಮಶಾನ ಹೆಂಡತಿ ಇಂದುಬಾಯಿ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ ಭೀಮಶಾನ ಪಕ್ಕದಲ್ಲಿ ಕೂತು ಸಮಾಧಾನದ ಒಂದು ಮಾತು ಆಡಿದರು. ಕಲ್ಯಾಣಪ್ಪನೂ ಬಂದು ಕೂತ. ಬಾಯಿ ತೆರೆದ, ಮುಚ್ಚಿದ. ಅದು ಗೋಡೆಗೆ ಹೇಳುವ ಮಾತಲ್ಲ, ನನ್ನ ಕೈಯಲ್ಲಿ ಕಳಿಸುವ ಮಾತೂ ಅಲ್ಲ. ಒಂದು ಹಿಡಿ ಮಣ್ಣು ಹಾಕಿ ಹೊರಟುಹೋದ.

ಅಂದಿನಿಂದ ಅವನಿಗೆ ಊಟ ಸೇರುತ್ತಿಲ್ಲವೆಂದು ಅವನ ಹೆಂಡತಿ ಗುರಮ್ಮ ನನ್ನ ಮುಂದೆ ಗೋಳಾಡಿದಳು. "ಹೋಗಿ ಮಾತಾಡ್ರಿ ಅಂದ್ರ, ಅವ ಮೊದಲ ಆಡಲಿ ಅಂತಾರ," ಎಂದಳು. ನನಗಂತೂ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಬಡಿಯಬೇಕೆನಿಸುತ್ತಿತ್ತು.

ದೀಪಾವಳಿ ಮುಗಿದ ಮೇಲೆ ಕಲ್ಯಾಣಪ್ಪನೂ ನಾನೂ ಶೇಂಗಾ ಹೇರಿಕೊಂಡು ಸೊಲ್ಲಾಪುರಕ್ಕೆ ಹೋದೆವು. ನಮ್ಮ ಮಾಲು ಮಾರಿಸಿಕೊಡುವ ಅಡತಿ ಖಂಡಪ್ಪ ಆ ವರ್ಷ, ಅಂದರೆ ೧೯೩೮ರಲ್ಲಿ, ಅಂಗಡಿಗೆ ರೇಡಿಯೋ ತಂದಿದ್ದ. ಸಂಜೆ ಅದರ ಮೇಲಿನ ಬಟ್ಟೆ ಸರಿಸಿ ಗುಂಡಿ ತಿರುವಿದ. ಮುಂಬಯಿಯಿಂದ ಯಾರೋ ಮರಾಠಿಯಲ್ಲಿ ಮಾತಾಡಿ, ಇನ್ನು ಕನ್ನಡದ ಹಾಡು ಎಂದರು. ಆಮೇಲೆ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮಿಗೇ ಕಲ್ಯಾಣಪ್ಪ ಎದ್ದು ನಿಂತ.

"ನಮಸ್ಕಾರ್ರಿ. ಎಲ್ಲಾರೂ ಆರಾಮ ಅದೀರೇನ್ರಿ?"

ಭೀಮಶಾನ ದನಿ. ಅವನು ಮುಂಬಯಿಗೆ ಹೋಗಿರುವುದು ಊರಿಗೆ ಗೊತ್ತಿತ್ತು. ಏತಕ್ಕೆಂದು ಯಾರೂ ಕೇಳಿರಲಿಲ್ಲ. ಕೇಳಬೇಕಾದವನು ಮಾತು ಬಿಟ್ಟಿದ್ದ. ಸೊಲ್ಲಾಪುರದ ಮಾಸ್ತರರೊಬ್ಬರು ಅವನ ಹಾಡಿಗೆ ಮೆಚ್ಚಿ ಕರೆದೊಯ್ದಿದ್ದರೆಂದು ಆಮೇಲೆ ತಿಳಿಯಿತು.

"ಆರಾಮ ಅದೀನೋ ಭೀಮ್ಯಾ!" ಎಂದು ಕಲ್ಯಾಣಪ್ಪ ಪೆಟ್ಟಿಗೆಯ ಕಡೆ ಕೂಗಿದ. ಅಂಗಡಿಯಲ್ಲಿದ್ದವರು ನಕ್ಕರು. ಭೀಮಶಾ ಮಾತ್ರ ಅದಕ್ಕೆ ಏನೂ ಅನ್ನದೆ ಹಾಡು ಶುರುಮಾಡಿದ. ಕಲ್ಯಾಣಪ್ಪ ನನ್ನ ತೋಳು ಹಿಡಿದ.

"ಕೇಳಿದೇನು? ಅವ ಮೊದಲ ಮಾತಾಡ್ಯಾನ. ನೀ ಸಾಕ್ಷಿ."

"ಎಲ್ಲಾರಿಗೂ ಅಂದಾನಪಾ ಅವ."

"ಎಲ್ಲಾರಾಗ ನಾ ಇಲ್ಲೇನು?"

ಹಾಡು ಮುಗಿಯುವತನಕ ಅವನ ಬೆರಳು ಶೇಂಗಾ ಚೀಲದ ಮೇಲೆ ತಾಳ ಹಾಕುತ್ತಿತ್ತು. ತಪ್ಪುತ್ತಿತ್ತು. ಈ ಸಲ ನಾನು ಎಚ್ಚರವಿದ್ದೆ.

ಭೀಮಶಾ ಊರಿಗೆ ಬಂದ ದಿನವೇ ಕಲ್ಯಾಣಪ್ಪ ಸಾಕ್ಷಿಗೆಂದು ನನ್ನನ್ನು ಎಳೆದುಕೊಂಡು ಅವನ ಮನೆಗೆ ಹೋದ. ಭೀಮಶಾ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ತಾನೇ ಬಡಿದ ರೊಟ್ಟಿ. ಒಂದು ಬದಿ ಕರಕಲಾಗಿತ್ತು. ಕಲ್ಯಾಣಪ್ಪ ಅವನ ಮುಂದೆ ನಿಂತು, "ಆರಾಮ ಅದೀನಿ," ಎಂದ.

ಭೀಮಶಾ ನನ್ನ ಕಡೆ ತಿರುಗಿದ. "ಧರೆಪ್ಪ, ಇವ ಸೋತಾನೇನು?"

"ಯಾಕ ಸೋಲ್ಲಿ? ಮುಂಬೈದಾಗಿಂದ ನೀನ ಕೇಳಿದಿ, ನಾ ಜವಾಬ ಕೊಟ್ಟೀನಿ," ಎಂದ ಕಲ್ಯಾಣಪ್ಪ.

ಅಡತಿ ಅಂಗಡಿಯಲ್ಲಿ ನಡೆದದ್ದನ್ನು ನಾನು ಹೇಳಿದೆ. ಭೀಮಶಾ ರೊಟ್ಟಿ ಕೆಳಗಿಟ್ಟ.

"ನನ್ನ ಮುಂದ ಕೋಲಿನ ಮ್ಯಾಲ ಒಂದು ಕಬ್ಬಿಣದ ಡಬ್ಬಿ ಇತ್ತು. ಅದಕ್ಕ ಅಂದೀನಿ. ಡಬ್ಬಿ, ಗ್ವಾಡಿ ಎರಡೂ ಒಂದ. ಲೆಕ್ಕಕ್ಕ ಬರಂಗಿಲ್ಲ."

ಇಷ್ಟನ್ನೂ ಅವನು ಕಲ್ಯಾಣಪ್ಪನ ಮುಖ ನೋಡಿಯೇ ಹೇಳಿದ. ನಾನು ಮತ್ತೆ ಹೇಳುವ ಜರೂರು ಬೀಳಲಿಲ್ಲ.

"ಗ್ವಾಡಿಗಿ ಯಾರರ ಆರಾಮ ಅದಿಯೇನು ಅಂತ ಕೇಳ್ತಾರೇನೋ?" ಎಂದ ಕಲ್ಯಾಣಪ್ಪ.

ಭೀಮಶಾ ಬಹಳ ಹೊತ್ತು ಯೋಚಿಸಿದ. ನಾನೂ ಯೋಚಿಸಿದೆ. ನಮ್ಮೂರಿನಲ್ಲಿ ಯಾರೂ ಗೋಡೆಯ ಕ್ಷೇಮ ವಿಚಾರಿಸಿದ್ದು ನನಗೆ ನೆನಪಿಲ್ಲ.

"ಕೇಳಂಗಿಲ್ಲ," ಎಂದ ಭೀಮಶಾ. "ಆತು. ನಾನ ಸೋತೀನಿ. ಈಗ ಆಡು, ಏನು ಆಡ್ತಿ."

ಒಂಬತ್ತು ವರ್ಷ ಕಾದು ಗೆದ್ದವನ ಮುಖ ಗೆದ್ದವನ ಹಾಗಿರಲಿಲ್ಲ. ಕಲ್ಯಾಣಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇಂದುಬಾಯಿ ಹೋದಳಲ್ಲೋ ಭೀಮ್ಯಾ," ಎಂದ. "ನನಗ ಅಣ್ಣಾ ಅಂತಿದ್ಲು. ನಿನ್ನ ಜೋಡಿ ಮಾತು ಬಿಟ್ಟಿದ್ನಿ, ಅಕಿ ಜೋಡಿ ಬಿಟ್ಟಿದ್ದಿಲ್ಲ. ಆದ್ರೂ ಅಕಿ ಸಲುವಾಗಿ ಒಂದು ಮಾತು ಆಡಲಿಲ್ಲ ನಾ."

"ಹೌದೋ, ಹೋದ್ಲು," ಎಂದ ಭೀಮಶಾ. ಅಷ್ಟು ಅನ್ನುವಷ್ಟರಲ್ಲಿ ಅವನ ದನಿ ಒಡೆಯಿತು. ಹೆಂಡತಿಯ ಮಣ್ಣಿನ ದಿನ ಅವನು ಅತ್ತಿರಲಿಲ್ಲ. ಗಟ್ಟಿ ಮನುಷ್ಯನೆಂದು ಊರು ಹೊಗಳಿತ್ತು. ಈಗ ಎದ್ದು ಕಲ್ಯಾಣಪ್ಪನ ಹೆಗಲ ಮೇಲೆ ಮುಖವಿಟ್ಟು, ಓಣಿಗೆಲ್ಲ ಕೇಳುವಂತೆ ಅತ್ತ. ನನಗೂ ಕಣ್ಣು ತುಂಬಿ ಬಂತು, ಅವರ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇತ್ತು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಮನೆಗೆ ಬಂದೆ.