ಐದನೆಯ ತೂತು

ನನ್ನ ಮೈದುನನಿಗೆ ಬಾರದ ವಿದ್ಯೆ ಭೂಮಿಯ ಮೇಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿ ಕಲಿತಿದ್ದಾನೆ. ಹಾಗಾಗಿ ನನ್ನ ಮಗಳು ಹಳೆಯ ಬಾಗಿಲಿನ ಹಲಗೆ ಕೊಯ್ದು, ಐದು ತಿಂಗಳು ಉಜ್ಜಿ ಎಲೆಕ್ಟ್ರಿಕ್ ಗಿಟಾರಿನ ಒಡಲು ಮಾಡಿ ಮುಗಿಸಿದಾಗ, ಅದಕ್ಕೆ ಬಣ್ಣ ಹೊಡೆಯುವ ಅಧಿಕಾರವನ್ನು ಅವನೇ ವಹಿಸಿಕೊಂಡ. ನಾನು ಹದಿನೆಂಟು ವರ್ಷದಿಂದ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವಳು. ನನ್ನನ್ನು ಯಾರು ಕೇಳುತ್ತಾರೆ? ಹಿತ್ತಲ ಗಿಡ ಮದ್ದಲ್ಲ.

"ನಿಮ್ದು ತಗಡಿನ ಕೆಲ್ಸ ಅತ್ತಿಗೆ. ಇದು ಮರ. ಮರ ಉಸಿರಾಡುತ್ತೆ," ಅಂದ.

"ಹೌದಪ್ಪಾ. ಅದರ ಉಸಿರು ಕಟ್ಟಿಸ್ಬೇಡ ಮತ್ತೆ."

ಗಾಳಿ ಬಂದಾಗ ತೂರಿಕೋ ಎಂಬ ಮಾತು ರಾಶಿ ತೂರುವವರಿಗೆ ಹೇಳಿದ್ದು. ಈ ಮಹಾಶಯ ಅದನ್ನು ಬಣ್ಣಕ್ಕೂ ಹಚ್ಚಿಕೊಂಡು, ಬೀಸುಗಾಳಿಯಲ್ಲಿ ಮಹಡಿಯ ಮೇಲೆ ನಿಂತು ಸ್ಪ್ರೇ ಡಬ್ಬಿ ಒತ್ತಿದ. ಅರ್ಧ ಬಣ್ಣ ಗಿಟಾರಿಗೆ, ಇನ್ನರ್ಧ ಪಕ್ಕದ ಮನೆಯವರು ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಗೆ. ಮೊದಲ ಕೋಟು ಒಣಗುವ ಮುಂಚೆ ಎರಡನೆಯದು, ಅದು ಒಣಗುವ ಮುಂಚೆ ಮೂರನೆಯದು. ಸಂಜೆಯ ಹೊತ್ತಿಗೆ ಬಣ್ಣ ಕರಗಿದ ಮೇಣದಬತ್ತಿಯಂತೆ ಇಳಿದು ನಿಂತಿತ್ತು. ನಟ್ಟನಡುವೆ ಒಂದು ಸೊಳ್ಳೆ ಕಾಲು ಚಾಚಿ ಖಾಯಂ ಆಗಿ ಮಲಗಿತ್ತು.

"ಇದಕ್ಕೆ ವಿಂಟೇಜ್ ಲುಕ್ ಅಂತಾರೆ," ಅಂದ ಮೈದುನ.

"ಸೊಳ್ಳೆನೂ ವಿಂಟೇಜಾ ಚಿಕ್ಕಪ್ಪ?"

ನಗಲು ಹೋದ ಮಗಳ ಕಣ್ಣು ತುಂಬಿತು. ಇನ್ನು ಮೂರು ವಾರಕ್ಕೆ ಅವಳ ತಂಡದ ಮೊದಲ ಕಾರ್ಯಕ್ರಮ. ನಾನೇ ಮಾಡಿದ ಗಿಟಾರು ನುಡಿಸುತ್ತೇನೆ ಎಂದು ಕಾಲೇಜಿಗೆಲ್ಲ ಡಂಗುರ ಹೊಡೆದಿದ್ದಳು. ಬೇರೆ ಗಿಟಾರು ಅವಳಲ್ಲಿ ಇರಲೂ ಇಲ್ಲ. ನನ್ನ ಕಡೆ ತಿರುಗಿ "ಅಮ್ಮಾ..." ಅಂದಳು. ಅಷ್ಟೇ ಸಾಕಾಗಿತ್ತು ನನಗೆ.

ಹಳೆಯ ಟವೆಲಿನಲ್ಲಿ ಸುತ್ತಿ ಗ್ಯಾರೇಜಿಗೆ ಒಯ್ದೆ. "ಏನಕ್ಕಾ, ಈ ಗಾಡಿಗೆ ಚಕ್ರ ಎಲ್ಲಿ?" ಎಂದು ಮೇಸ್ತ್ರಿ ಕಿಸಕ್ಕೆಂದ. ಊಟದ ಬಿಡುವಿನಲ್ಲಿ ಮೈದುನನ ಕಲಾಕೃತಿಯನ್ನು ಸೊಳ್ಳೆ ಸಮೇತ ಕೆರೆದು ತೆಗೆದೆ. ಅಡಿಯಲ್ಲಿ ತೂತುಗಳು. ದೊಡ್ಡವು ಸದ್ದು ಏರಿಸಿ ಇಳಿಸುವ ಗುಬುಟುಗಳನ್ನು ಕೂರಿಸಲಿಕ್ಕೆ ಎಂದು ಗೊತ್ತಾಯಿತು. ಸಣ್ಣವು ಐದು, ಒಂದಕ್ಕೊಂದು ಸಂಬಂಧವಿಲ್ಲ. ಕೈಗೆ ಡ್ರಿಲ್ಲು ಸಿಕ್ಕಿದ ಖುಷಿಗೆ ಕಂಡಕಂಡಲ್ಲಿ ಕೊರೆದಿದ್ದಾನೆ ನನ್ನ ಮೈದುನ, ಪುಣ್ಯಾತ್ಮ! ಮಗಳಿಗೊಂದು ಫೋನು ಮಾಡಿ ಕೇಳಬಹುದಿತ್ತು. ಇಷ್ಟಕ್ಕೆಲ್ಲ ಕೇಳುವುದೇನು? ಐದಕ್ಕೂ ಪುಟ್ಟಿ ಮೆತ್ತಿದೆ.

ಆಮೇಲೆ ಪ್ರೈಮರ್, ಅದರ ಮೇಲೆ ಕಪ್ಪು, ಕಪ್ಪಿನ ಮೇಲೆ ಪಾರದರ್ಶಕ ಕೋಟು. ಎರಡು ವಾರ ಮೊಳೆಗೆ ನೇತುಹಾಕಿ ಗಟ್ಟಿಯಾಗಲು ಬಿಟ್ಟು, ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿದೆ. ಅದರಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಮೈದುನ ಹತ್ತಿರ ಬಂದು ನೋಡಿದ, ಬಾಯಿ ತೆರೆದ, ಮುಚ್ಚಿದ. ಹದಿನೆಂಟು ವರ್ಷದಲ್ಲಿ ಅಷ್ಟು ಒಳ್ಳೆಯ ಸಂಬಳ ನನಗೆ ಸಿಕ್ಕಿರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಮಗಳು ಊಟದ ಮೇಜಿನ ಮೇಲೆ ಹೊದಿಕೆ ಹಾಸಿ ಬಿಡಿಭಾಗ ಜೋಡಿಸಲು ಕೂತಳು. ಸ್ವಲ್ಪ ಹೊತ್ತಿಗೆ ಬೆರಳಿನಿಂದ ಏನನ್ನೋ ತಡಕತೊಡಗಿದಳು.

"ಅಮ್ಮಾ, ಇಲ್ಲೊಂದು ಸಣ್ಣ ತೂತಿತ್ತಲ್ಲ?"

"ಒಂದಲ್ಲ, ಐದಿತ್ತು. ನಿಮ್ಮ ಚಿಕ್ಕಪ್ಪನ ಪ್ರಸಾದ. ಎಲ್ಲಾ ಮುಚ್ಚಿದೀನಿ."

"ನಾಲ್ಕು ಚಿಕ್ಕಪ್ಪಂದು. ಐದನೇದು ನಂದು."

ತಂತಿಗಳು ಕೂರುವ ಲೋಹದ ಪಟ್ಟಿಯ ಅಡಿಯಿಂದ ಒಂದು ಅರ್ಥ್ ವೈರು ಆ ತೂತಿನೊಳಗೆ ಹೋಗಬೇಕಂತೆ. ಇಲ್ಲದಿದ್ದರೆ ಗಿಟಾರು ಹಾಡುವುದರ ಜೊತೆಗೆ ಜೇನುಗೂಡಿನಂತೆ ಗುಂಯ್‌ಗುಡುತ್ತದಂತೆ.

"ಅಷ್ಟೇನಾ? ಕೊಡಿಲ್ಲಿ," ಎಂದು ಡ್ರಿಲ್ಲು ಎತ್ತಿಕೊಂಡೆ.

"ಅತ್ತಿಗೆ, ಮೊದ್ಲು ಟೇಪ್ ಅಂಟಿಸಿ. ಪಾಲಿಶ್ ಮೇಲೆ ಜಾರುತ್ತೆ. ವಿಡಿಯೋದಲ್ಲಿ..." ಎನ್ನುತ್ತ ಮೈದುನ ಹತ್ತಿರ ಬಂದ.

"ನಿನ್ನ ವಿಡಿಯೋ ನೀನೇ ಇಟ್ಕೋ!"

ಜಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕನ್ನಡಿಯ ಮೇಲೆ ಬೆರಳುದ್ದದ ಗೀರು, ಬಿಳಿ ಪ್ರೈಮರ್ ಕಾಣುವಷ್ಟು ಆಳ. ಮಗಳು ಡ್ರಿಲ್ಲು ಇಸಿದುಕೊಂಡಳು, ಟೇಪು ಅಂಟಿಸಿದಳು, ಕೊರೆದಳು. ಮೈದುನ ನನ್ನ ಮುಂದೆ ಒಂದು ಲೋಟ ನೀರು ತಂದಿಟ್ಟ. ಅವನೇನಾದರೂ ಕೊಂಕಾಡಿದ್ದರೆ ಬದುಕಿಕೊಳ್ಳುತ್ತಿದ್ದೆ.

ಗಿಟಾರು ಮರುದಿನ ಎಲ್ಲೂ ಗುಂಯ್‌ಗುಡಲಿಲ್ಲ. ಮಗಳ ತಂಡಕ್ಕೆ ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ಪಕ್ಕದ ಕುರ್ಚಿಯಲ್ಲಿ ಮೈದುನ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳುತ್ತಿದ್ದ: "ಬಣ್ಣ ನಮ್ಮ ಅತ್ತಿಗೇದು. ಆ ಗೆರೆ ಇದೆಯಲ್ಲ, ಅದೂ ಅವರದ್ದೇ ಡಿಸೈನು." ದೀಪ ಬಿದ್ದಾಗಲೆಲ್ಲ ಆ ಗೀರು ಕೊನೆಯ ಸಾಲಿನವರೆಗೆ ಹಲ್ಲು ಕಿರಿಯುತ್ತಿತ್ತು.

ಮನೆಗೆ ಬಂದವಳೇ ಮಗಳಿಗೆ ಹೇಳಿದೆ: "ಒಂದು ವಾರ ಬಿಡು, ಅದನ್ನ ಸರಿಮಾಡಿ ಕೊಡ್ತೀನಿ. ಮಾಡ್ಲಾ?"

"ಕೇಳ್ತಿದೀಯೋ, ಹೇಳ್ತಿದೀಯೋ?"

"ಕೇಳ್ತಿದೀನಿ ಮಾರಾಯ್ತಿ."

"ಹಾಗಾದ್ರೆ ಬೇಡ," ಎಂದು ಗಿಟಾರನ್ನು ಗೀರು ಕಾಣುವ ಹಾಗೆಯೇ ಗೋಡೆಗೆ ಒರಗಿಸಿದಳು.