ಆಚೆ ದಡದ ಗೂಬೆ

ಮರದ ಸೇತುವೆಯ ನಡುವಿನ ತನಕ ಬಂದ ಲಾತಿರ್ ಜೂಫ್ ಮತ್ತೆ ಹಿಂದಕ್ಕೆ ತಿರುಗಿದ. ಬೆಳಗ್ಗಿನಿಂದ ಇದು ಮೂರನೇ ಸಲ. ಮರುಭೂಮಿಯ ದೂಳು ಹೊತ್ತ ಗಾಳಿಗೆ ಬಿಸಿಲು ಬಣ್ಣ ಕಳೆದುಕೊಂಡಿತ್ತು. ಕೆಳಗೆ ಉಪ್ಪುನೀರಿನಲ್ಲಿ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳ್ಳಕ್ಕಿಯೊಂದು ಎತ್ತಿದ ಕಾಲು ಇಳಿಸದೆ ನಿಂತಿತ್ತು.

"ಏ ಅನ್ನಬಾಕ!" ಆಚೆ ತುದಿಯಿಂದ ಮಾಲಾಂಗ್ ಕೂಗಿದ. ಸತ್ತ ಅನ್ಸುಮಾನನ ತಮ್ಮ ಅವನು. "ಸಂಜೆ ನಮಾಜಿಗೆ ಮುಂಚೆ ಅಣ್ಣನ್ನ ಎತ್ತಬೇಕು. ನೀನು ಬರದೆ ಎತ್ತಕೂಡದು ಅಂತ ಅತ್ತಿಗೆ ಹಟ ಹಿಡಿದು ಕೂತವ್ಳೆ."

"ಅವನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟೋನು ನಾನು. ನಾನ್ಯಾಕೋ?"

"ಊರಲ್ಲಿ ಇನ್ನೊಬ್ಬ ಸೆರೆರ್ ಇದ್ದಿದ್ರೆ ನಿನ್ನ ಯಾವನು ಕರೀತಿದ್ದ? ಬಾ ಸುಮ್ನೆ!"

ಸತ್ತವನು ಜೋಲಾ, ಲಾತಿರ್ ಸೆರೆರ್; ಈ ಎರಡು ಜನಕ್ಕೂ ಅಜ್ಜಂದಿರ ಕಾಲದಿಂದ ಅನ್ನಬಾಕ, ಗುಲಾಮ ಎಂದು ತಮಾಷೆಗೆ ಬೈದಾಡುವ ನೆಂಟಸ್ತನ. ಸಾವಿನ ಮನೆಯಲ್ಲೂ ಅದಕ್ಕೆ ರಜೆಯಿಲ್ಲ. ಹೋದವನ ನಡೆನುಡಿಯನ್ನು ಅಣಕಿಸಿ, ಅಳುವವರನ್ನು ನಗಿಸಿ ಕಳಿಸಿಕೊಡುವುದು ಈ ನೆಂಟನ ಕೆಲಸ. ಅದಿಲ್ಲದೆ ಹೆಣ ಎತ್ತಿದರೆ, ಪಾಪ, ಇವನಿಗೆ ಬೈಯುವವರೂ ಇರಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ಲಾತಿರ್ ಹೋದ. ಅಂಗಳದ ಮಾವಿನ ಮರದಡಿ ಊರಿಗೆ ಬರುವ ಅತಿಥಿಗಳಿಗೆ ಹಕ್ಕಿ ತೋರಿಸುವ, ಅವನದೂ ಅನ್ಸುಮಾನನದೂ ಆದ ಕಸುಬಿನವರೆಲ್ಲ ಕೂತಿದ್ದರು. ಅಡಿಕೆಯಂತೆ ಅಗಿಯುವ ಕೋಲಾ ಕಾಯಿಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿತ್ತು.

"ನದಿಯ ಮೇಲ್ಗಡೆ ಮರಳ ದಿಣ್ಣೆಯಲ್ಲಿ ಆ ಅಪರೂಪದ ಮೊಸಳೆಹಕ್ಕಿ ನೋಡೋಕೆ ಎರಡು ದಿನ ದೋಣೀಲಿ ಕೂತಿದ್ವಿ," ಎನ್ನುತ್ತಿದ್ದ ಮುದುಕನೊಬ್ಬ. "ಅನ್ಸುಮಾನ ಅದನ್ನ ನೋಡಿದ್ದೇ ಟೋಪಿ ತೆಗೆದ. ಹಕ್ಕಿಗೆ ಯಾರಾದ್ರೂ ಟೋಪಿ ತೆಗೀತಾರಾ?"

ಲಾತಿರ್‌ನನ್ನು ಕಂಡು ಅವನು ತಟ್ಟೆಯನ್ನು ಪಕ್ಕದವನ ಕೈಗೆ ದಾಟಿಸಿದ.

*

ಮುಷ್ಟಿಯಷ್ಟಿರುವ ಚುಕ್ಕೆಗೂಬೆ ಸಿಳ್ಳೆ ಹಾಕಿದರೆ ಸಾಕು, ಅದನ್ನು ಬೈದು ಓಡಿಸಲು ಕಾಡಿನ ಪುಟ್ಟ ಹಕ್ಕಿಗಳೆಲ್ಲ ಒಂದೇ ಮರಕ್ಕೆ ಬಂದು ಸೇರುತ್ತವೆ. ಅದಕ್ಕೇ ಈ ಕಸುಬಿನವರು ಗೂಬೆಯ ಹಾಗೆ ಸಿಳ್ಳೆ ಹಾಕಲು ಕಲಿಯುತ್ತಾರೆ. ಅದು ಮೋಸವಲ್ಲ. ಆದರೆ ನಿಜವಾದ ಗೂಬೆಯೇ ಕೂಗಿತು ಎಂದು ಹೇಳಿದರೆ ಮೋಸ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಗ್ಗೆ ಲಾತಿರ್ ಈಚೆ ದಡದಲ್ಲಿ, ಅತಿಥಿಗಳ ಬೆನ್ನ ಹಿಂದೆ ನಿಂತು ಸಿಳ್ಳೆ ಹಾಕಿದ. ಆಚೆಯಿಂದ ಉತ್ತರ ಬಂತು. ನಿಜವಾದ ಗೂಬೆಯೆಂದೇ ನಂಬಿ ಇವನು ಮತ್ತೆ ಹಾಕಿದ. ಅದೂ ಮತ್ತೆ ಕೂಗಿತು. ಮಂಜಿನಲ್ಲಿ ಒಂದು ಗಂಟೆ ಹೀಗೇ ನಡೆಯಿತು. ಜೋಡಿ ಗೂಬೆ ಎಂದು ಅವನು ಹೇಳಿದ್ದನ್ನು ನಂಬಿ ಅತಿಥಿಗಳು ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೆ ಎಲ್ಲರೂ ಸೇತುವೆ ದಾಟಿ ನೋಡಿದರೆ ಪೊದೆಯ ಹಿಂದೆ ಅನ್ಸುಮಾನ, ತುಟಿ ಇನ್ನೂ ಸಿಳ್ಳೆಗೆ ಚೂಪಾಗಿತ್ತು.

ಅತಿಥಿಗಳು ತನ್ನ ಕಡೆ ತಿರುಗುವ ಮುಂಚೆಯೇ ಲಾತಿರ್ ಕಿರುಚಿದ್ದ: "ಮೋಸಗಾರ! ನೋಡಿ, ಇವನೇ ಗೂಬೆ!"

ಅನ್ಸುಮಾನ ಅವನನ್ನೇ ನೋಡಿದ. ಅವನ ಹೆಸರೆತ್ತದೆ ಮನೆಯ ದಾರಿ ಹಿಡಿದ. ಆಮೇಲೆ ಎರಡು ವರ್ಷ ಅವನ ಜೊತೆ ಹಕ್ಕಿ ನೋಡಲು ಯಾರೂ ಹೋಗಲಿಲ್ಲ. ಅವನು ಹೆಂಡತಿಯ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದರೆ ಲಾತಿರ್ ದೂರದ ದಾರಿ ಹಿಡಿದು ಹೋಗುತ್ತಿದ್ದ. ನಾಚಿಕೆ ಅವನನ್ನು ತಿನ್ನುತ್ತಿತ್ತು.

*

"ಬಂದ್ಯಾ ಗುಲಾಮ?" ಎಂದಳು ಅನ್ಸುಮಾನನ ಹೆಂಡತಿ ಸಫಿಯಾತು, ಬಾಗಿಲಲ್ಲೇ. "ನಿನ್ನ ಒಡೆಯ ಮಲಗವ್ನೆ. ಅಣಕಿಸು."

ಲಾತಿರ್ ಅಂಗಳದ ನಡುವೆ ನಿಂತ. ಅನ್ಸುಮಾನನ ಹಾಗೆ ಕುತ್ತಿಗೆ ಮುಂದೆ ಚಾಚಿ, ಹಿಮ್ಮಡಿ ಎತ್ತಿ, ಒಣಗಿದ ಎಲೆ ತುಳಿಯದಂತೆ ನಾಲ್ಕು ಹೆಜ್ಜೆ ಇಟ್ಟ. ಕಾಣದ ಹಕ್ಕಿಗೆ ಟೋಪಿ ತೆಗೆದ. ಹೆಂಗಸರು ಬಾಯಿಗೆ ತಲೆಬಟ್ಟೆಯ ಅಂಚು ಒತ್ತಿಕೊಂಡು ನಕ್ಕರು. ಅವನು ಸಿಳ್ಳೆ ಹಾಕಿದ, ಒಂದು, ಎರಡು; ಮೂರನೆಯದಕ್ಕೆ ಉಸಿರು ಸಾಲಲಿಲ್ಲ.

"ಈ ಜೋಲಾ ಕಳ್ಳ ಆಚೆ ದಡದಲ್ಲಿ ನಿಂತು ಕೂಗ್ದ," ಎಂದ. "ಈಚೆ ದಡದಲ್ಲಿ ಒಬ್ಬ ದೊಡ್ಡ ಕಳ್ಳ ಇದ್ದ. ಕೂಗಿ ಕೂಗಿ ಇವನನ್ನ ಕರೆದೋನು ಅವನೇ. ನಾನೇ! ಇವನ ಅನ್ನ ಕಿತ್ಕೊಂಡೋನು ನಾನೇ. ಈಗ ಹೇಳ್ತಿದೀನಿ, ಥೂ ನನ್ನ ಜನ್ಮಕ್ಕೆ!"

ಯಾರೂ ನಗಲಿಲ್ಲ. ಸಫಿಯಾತು ಮಾತ್ರ ನಕ್ಕಳು, ಕಣ್ಣೀರು ಸುರಿಯುತ್ತಲೇ.

"ಅವತ್ತು ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಕಿದ್ದ ಕಣೋ. 'ಆಚೆ ದಡದ ಗೂಬೆಗೆ ದಮ್ಮಿನ ಕಾಯಿಲೆ ಕಣೇ, ಮೂರನೇ ಸಿಳ್ಳೆಗೆ ಉಸಿರು ಸಾಲಲ್ಲ. ಸೆರೆರ್ ಗೂಬೆ' ಅಂದ."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಐದು ಮಕ್ಕಳು. ಒಬ್ಬನ ಅನ್ನ ಹೋದ್ರೆ ಸಾಕು, ಇಬ್ಬರದೂ ಯಾಕೆ ಅಂದ. ಎಂದಾದ್ರೂ ಬಂದು ತನ್ನ ಬೈತಾನೆ ಅಂತ ಕಾದ. ಬರೋಕೆ ಹನ್ನೆರಡು ವರ್ಷ ಬೇಕಾಯ್ತಾ ನಿಂಗೆ?"

ಲಾತಿರ್ ಮಣ್ಣಿನಲ್ಲಿ ಕುಸಿದು ಕೂತು ಮಗುವಿನಂತೆ ಅತ್ತ. ಆಮೇಲೆ ಮಾಲಾಂಗ್ ಅವನ ರಟ್ಟೆ ಹಿಡಿದು ಎಬ್ಬಿಸಿದ. ಹೆಣ ಎತ್ತಿದಾಗ ಮುಂದಿನ ಹೆಗಲು ಲಾತಿರ್‌ನದೇ ಆಗಿತ್ತು.

*

ಮಣ್ಣು ಮಾಡಿ ಬರುವಾಗ ಸೂರ್ಯ ಗದ್ದೆಗಳಾಚೆ ಇಳಿಯುತ್ತಿದ್ದ. ಲಾತಿರ್ ಸೇತುವೆ ದಾಟಿ ತನ್ನ ದಡದ ಹಳೆಯ ಜಾಗದಲ್ಲಿ ನಿಂತ. ಬೆನ್ನ ಹಿಂದೆ ಅತಿಥಿಗಳಿರಲಿಲ್ಲ. ತುಟಿ ಒದ್ದೆ ಮಾಡಿಕೊಂಡು ಸಿಳ್ಳೆ ಹಾಕಿದ. ಮೂರನೆಯದು ಅರ್ಧಕ್ಕೇ ನಿಂತಿತು.

ನೀರು ಕದಲಲಿಲ್ಲ. ತುಸು ಹೊತ್ತಾದ ಮೇಲೆ ಆಚೆ ದಡದ ಪೊದೆಯಿಂದ ಸಿಳ್ಳೆ ಬಂತು. ಒಂದು, ಎರಡು, ಮೂರು.

ಅವನು ಮತ್ತೆ ಕೂಗಿದ. ಅದೂ ಕೂಗಿತು.

ಕೊರಳಲ್ಲಿ ಎಂದಿನಂತೆ ದುರ್ಬೀನು ತೂಗುತ್ತಿತ್ತು. ಕೂಗಿದ್ದು ಯಾರೆಂದು ನೋಡಲು ಲಾತಿರ್ ಅದನ್ನು ಕಣ್ಣಿಗೆ ಎತ್ತಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮತ್ತೊಂದು ಸಿಳ್ಳೆಗೆ ಉಸಿರು ಎಳೆದುಕೊಂಡ.