ಸಜ್ಜಾ ಹತ್ತಿದ ನಾಯಿ

ಫ್ರಿಜ್ಜಿನ ತಲೆಯಿಂದ ಸಕ್ಕರೆ ಡಬ್ಬಿ ಉರುಳಿ ಬಿದ್ದ ಸದ್ದಿಗೆ ಪೇಂಟರ್ ಮಂಚದಿಂದ ಏಳಲಿಲ್ಲ. ಏನಾಯಿತೆಂದು ನೋಡದೆಯೇ ಗೊತ್ತಿತ್ತು.

"ಇಳಿಯಮ್ಮಾ, ಇಳಿ," ಎಂದ ಮಲಗಿದಲ್ಲಿಂದಲೇ.

"ನೀವು ಹಾಗೆ ಮಲಗಿಕೊಂಡು ಮಂತ್ರ ಹೇಳಿದ್ರೆ ಇಳಿಯುತ್ತಾ ಅದು?" ಕೆಲಸಕ್ಕೆ ಹೊರಟಿದ್ದ ಹೆಂಡತಿ ಚೀಲ ಕೆಳಗಿಟ್ಟು, ಕೂತು, ಚೆಲ್ಲಿದ ಸಕ್ಕರೆಯನ್ನು ಅಂಗೈಯಿಂದ ಬಳಿದಳು. ಮೇಲಿನಿಂದ ನಾಯಿ ಕುತ್ತಿಗೆ ಓರೆ ಮಾಡಿ ಅವಳ ಕೆಲಸ ನೋಡುತ್ತಿತ್ತು.

ಅದು ಟೆರಿಯರ್ ಜಾತಿಯ ನಾಯಿ. ಬೆಕ್ಕಿಗಿಂತ ಒಂದು ಕೈ ದೊಡ್ಡದು, ಅಷ್ಟೇ. ನಾರಿನಂಥ ಒರಟು ಕೂದಲು, ಮುಖಕ್ಕೆ ಮುದುಕನ ಗಡ್ಡ ಮೀಸೆ, ಗಿಡ್ಡ ಕಾಲು. ಆದರೆ ಹಿಂಗಾಲಿನ ತೊಡೆ ಮುಟ್ಟಿದರೆ ಬಿಗಿದ ಹಗ್ಗ. ಅವನು ಬಣ್ಣ ಬಳಿದ ಮನೆಯೊಂದರವರು ಊರು ಬಿಟ್ಟು ಹೋಗುವಾಗ ಇದನ್ನು ಅವನ ಕೈಗೆ ಹಾಕಿದ್ದರು. ಬಂದ ದಿನವೇ ಅದು ನೆಲದಿಂದ ಊಟದ ಮೇಜಿಗೆ ಒಂದೇ ನೆಗೆತಕ್ಕೆ ಹಾರಿದ್ದು ನೋಡಿ ಹೆಂಡತಿ, "ಇದೇನು ನಾಯಿನಾ, ಸ್ಪ್ರಿಂಗಾ?" ಎಂದಿದ್ದಳು. ಹೆಸರು ಅದೇ ನಿಂತುಬಿಟ್ಟಿತು.

ಆಗೆಲ್ಲ ಅವನಿಗೆ ಅದರ ನೆಗೆತವೇ ಸಂಜೆಯ ತಮಾಷೆ. ಬಿಸ್ಕತ್ತನ್ನು ದಿನಾ ಒಂದಿಷ್ಟು ಮೇಲೆ ಹಿಡಿಯುವನು. ಅದು ದಿನಾ ಒಂದಿಷ್ಟು ಮೇಲೆ ಹಾರುವುದು. ಹಾರುವ ಮೊದಲು ಸುಮ್ಮನೆ ಕೂತು, ತಲೆ ವಾಲಿಸಿ, ಕಣ್ಣಲ್ಲೇ ಅಳತೆ ತೆಗೆದುಕೊಳ್ಳುತ್ತಿತ್ತು. ಅವನೂ ಎತ್ತರದ ಗೋಡೆಯ ಮುಂದೆ ಹೀಗೇ ನಿಲ್ಲುತ್ತಿದ್ದವನು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಐದಾರು ಮಹಡಿಯ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ ಬೀಡಿ ಸೇದಿ, ಕೆಳಗಿನವರಿಗೆ ಜೋಕು ಹೇಳಿ ನಗಿಸುತ್ತಿದ್ದ. ಜೊತೆಯವರು ಇಟ್ಟ ಹೆಸರು ಹಲ್ಲಿ. ಗೋಡೆಗೆ ಅಂಟಿದರೆ ಬೀಳುವ ಪೈಕಿಯಲ್ಲ.

ಒಂದು ದಿನ ಹಗ್ಗದ ಒಂದು ತುದಿ ಜಾರಿತು. ಹಲ್ಲಿ ಬಿತ್ತು. ಕೆಳಗೆ ಮರಳಿನ ಗುಡ್ಡೆ ಇದ್ದದ್ದಕ್ಕೆ ತೊಡೆಯ ಮೂಳೆ ಮುರಿಯುವುದರಲ್ಲೇ ಮುಗಿಯಿತು. ಆಸ್ಪತ್ರೆ, ಪಟ್ಟಿ, ಊರುಗೋಲು ಎಲ್ಲ ಕಳೆದು ಮೂಳೆ ಕೂಡಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಅವನು ಕುಂಟುತ್ತಲೇ ಇದ್ದ.

ಹೆಂಡತಿ ಬಾಗಿಲು ದಾಟುವಷ್ಟರಲ್ಲಿ ಮೇಸ್ತ್ರಿ ಬಂದ. ಅವನನ್ನು ಮೀಸೆ ಚಿಗುರುವ ಮೊದಲಿನಿಂದ ಕೆಲಸಕ್ಕೆ ಕರೆದೊಯ್ದವನು. ಬಿದ್ದ ದಿನ ಹೊತ್ತು ಆಸ್ಪತ್ರೆಗೆ ಓಡಿದವನೂ ಅವನೇ.

"ಏನೋ ಹಲ್ಲಿ, ಇನ್ನೂ ನೆಲದಲ್ಲೇ ಇದೀಯಾ? ಸೋಮವಾರದಿಂದ ದೊಡ್ಡ ಬಿಲ್ಡಿಂಗು. ಹೊರಗೋಡೆ ಪೂರ್ತಿ ನಿಂದೇ. ಹೊಸಬರನ್ನ ಹಗ್ಗಕ್ಕೆ ಕಟ್ಟಿದ್ರೆ ನನ್ನ ಜೀವ ಬಾಯಿಗೆ ಬರುತ್ತಪ್ಪ."

"ಕಾಲು ಇನ್ನೂ..." ಎಂದು ಅವನು ತೊಡೆ ಸವರಿಕೊಂಡ.

"ಬರ್ತಾರೆ ಬಿಡಿ ಅಣ್ಣಾ," ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತ. "ಸಂಜೆ ಫೋನ್ ಮಾಡ್ತಾರೆ." ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಟ್ಟೆ ಫ್ಯಾಕ್ಟರಿಯಲ್ಲಿ ದಿನವಿಡೀ ಇಸ್ತ್ರಿ ಮೇಜಿನ ಮುಂದೆ ನಿಂತು ಬರುವವಳು. ನಿಂತು ನಿಂತು ಅವಳ ದನಿಯೂ ಸಪಾಟಾಗಿತ್ತು.

ಇಬ್ಬರೂ ಹೋದ ಮೇಲೆ ಅವನು ಕುಂಟದೆ ನಡೆದು ನೀರು ಕುಡಿದ.

ಪಟ್ಟಿ ಬಿಚ್ಚಿದ ಹೊಸದರಲ್ಲಿ ಬಲ್ಬು ಹಾಕಲೆಂದು ಸ್ಟೂಲು ಹತ್ತಿದಾಗ ಅವನ ಮೈ ಗಡಗಡ ನಡುಗಿತ್ತು. "ಯಾಕ್ರೀ, ಕಾಲು ನೋವಾ?" ಎಂದು ಹೆಂಡತಿ ಓಡಿ ಬಂದಳು. "ಹೂಂ," ಎಂದ. ಅವತ್ತು ಹುಟ್ಟಿದ ಸುಳ್ಳು ಮನೆಯಲ್ಲೇ ಬೇರುಬಿಟ್ಟು ಕೂತಿತು. ಅವಳು ಕೆಲಸದಿಂದ ಬಂದು, ಅಡುಗೆ ಮುಗಿಸಿ, ಆ ಕಾಲಿಗೆ ಎಣ್ಣೆ ತಿಕ್ಕುವಳು, ತಿಕ್ಕುತ್ತಲೇ ತೂಕಡಿಸುವಳು. ಅವನು ಗೋಡೆ ನೋಡುವನು.

ಮಧ್ಯಾಹ್ನ ಎಲ್ಲೋ ಮೇಲೆ ಕರಕರ ಸದ್ದಾಯಿತು. ಇಲಿ. ಸ್ಪ್ರಿಂಗಿನ ಕಿವಿ ನೆಟ್ಟಗಾಯಿತು. ಹಳೆಯ ಸಾಮಾನು ತುಂಬಿದ್ದ ಸಜ್ಜಾ, ಗೋಡೆಯಿಂದ ಚಾಚಿದ ಆ ಅಟ್ಟ, ಕೋಣೆಯ ಬಾಗಿಲಿಗಿಂತಲೂ ಮೇಲೆ, ಛಾವಣಿಯ ಹತ್ತಿರ ಇತ್ತು. ನಾಯಿ ಅಲ್ಲಿಯವರೆಗೆ ಯಾವತ್ತೂ ಹೋಗಿರಲಿಲ್ಲ.

"ಬೇಡ," ಎಂದ ಅವನು. ಹುಟ್ಟುಗುಣ ಸುಟ್ಟರೂ ಹೋಗದು. ಅದು ಕುರ್ಚಿಗೆ ಹಾರಿತು, ಕುರ್ಚಿಯಿಂದ ಫ್ರಿಜ್ಜಿಗೆ, ಅಲ್ಲಿಂದ ಗೋಡೆಯನ್ನೊಮ್ಮೆ ಒದ್ದು ಬೀರುವಿನ ಮೇಲಕ್ಕೆ. ಬೀರುವಿನ ಮೇಲೆ ಒಂದರ ಮೇಲೊಂದು ರಟ್ಟಿನ ಡಬ್ಬಗಳಿದ್ದವು. ಅವುಗಳನ್ನು ಮೆಟ್ಟಿ ಸಜ್ಜಾದ ಅಂಚಿಗೆ ಮುಂಗಾಲು ಕೊಂಡಿಯಂತೆ ಹಾಕಿ, ಹಿಂಗಾಲು ಗೀರುತ್ತ ಮೈಯನ್ನು ಮೇಲಕ್ಕೆಳೆದುಕೊಂಡಿತು. ಒದ್ದ ರಭಸಕ್ಕೆ ಡಬ್ಬಗಳೆಲ್ಲ ದಬದಬ ಕೆಳಗುರುಳಿದವು.

ಇಲಿ ಸಿಗಲಿಲ್ಲ. ಸ್ವಲ್ಪ ಹೊತ್ತು ಸಾಮಾನು ಕೆದಕಿ ಸುಸ್ತಾಗಿ ನಾಯಿ ಅಂಚಿಗೆ ಬಂದು ನೋಡಿದರೆ ಬಂದ ದಾರಿಯೇ ಇಲ್ಲ. ಆಚೆ ಓಡಿತು, ಈಚೆ ಓಡಿತು. ಆಮೇಲೆ ಕುಂಯ್ ಎನ್ನುತ್ತ ಮುಂಗಾಲು ಬಗ್ಗಿಸಿ ಕೆಳಗಿನ ಟೈಲ್ಸ್ ನೆಲದ ಅಳತೆ ತೆಗೆಯತೊಡಗಿತು.

"ಹಾರಬೇಡ! ಕಾಲು ಮುರೀತದೆ! ಕೂತ್ಕೋ!" ಅವನು ಮಂಚದ ಹಾಸಿಗೆಯನ್ನು ದರದರ ಎಳೆದು ಸಜ್ಜಾದ ಕೆಳಗೆ ಹಾಕಿದ. ಅದು ಸಾಲದೆಂದು ಅವನಿಗೇ ಗೊತ್ತಿತ್ತು. ಬಾಗಿಲ ಹಿಂದಿದ್ದ ಏಣಿ ತಂದು ಒರಗಿಸಿದ. ಅದು ಅವನದೇ ಏಣಿ. ಮೆಟ್ಟಿಲ ತುಂಬ ಅವನು ಬಳಿದ ಮನೆಗಳ ಬಣ್ಣದ ಹನಿಗಳು. ಮೊದಲ ಮೆಟ್ಟಿಲು ಹತ್ತಿದ. ಎರಡನೆಯದು. ಮೂರನೆಯದಕ್ಕೆ ಕಾಲೆತ್ತಿದ್ದೇ, ಹೊಟ್ಟೆಯೊಳಗೆ ಆ ಹಗ್ಗ ಮತ್ತೆ ಜಾರಿತು. ಕೈಬೆರಳು ಏಣಿಯ ಕೋಲಿಗೆ ಕಚ್ಚಿಕೊಂಡು ಬಿಡಲಾರೆವೆಂದವು. ಹೇಗೋ ಇಳಿದ. ಮತ್ತೆ ಹತ್ತಿದ. ಮತ್ತೆ ಅದೇ. ಮೇಲೆ ನಾಯಿ ಅವನ ತಲೆಯತ್ತ ಮೂಗು ಚಾಚಿ ಕರೆಯುತ್ತಿತ್ತು.

ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ ಹೆಂಡತಿ ಬೇಗ ಮನೆಗೆ ಬಂದಾಗ ಅವನು ಮೊದಲ ಮೆಟ್ಟಿಲ ಮೇಲೆ ನಿಂತು, ಏಣಿಯನ್ನು ತಬ್ಬಿ, ಹಣೆ ಅದಕ್ಕೊತ್ತಿಕೊಂಡಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು.

"ಅಯ್ಯೋ, ಕಾಲು ನೋವಾ?"

ಅವನು ತಿರುಗಲಿಲ್ಲ. "ಕಾಲಲ್ಲ," ಎಂದ. "ಕಾಲು ಚೆನ್ನಾಗೇ ಇದೆ."

ಅವಳು ಚೀಲ ಹೆಗಲಲ್ಲಿಟ್ಟುಕೊಂಡೇ ನಿಂತಳು. ಏಣಿ, ಹಾಸಿಗೆ, ನಾಯಿ, ಗಂಡನ ಬೆನ್ನು, ಒಂದೊಂದಾಗಿ ನೋಡಿದಳು.

"ಇಳೀರಿ," ಎಂದಳು.

ಇಳಿದ. ಅವಳು ಚೀಲ ಕೆಳಗಿಟ್ಟು ಏಣಿ ಹತ್ತಿದಳು. ಅವನು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡ. ಊದಿಕೊಂಡ ಅವಳ ಹಿಮ್ಮಡಿಗಳು ಅವನ ಕಣ್ಣಿನ ಮುಂದೆಯೇ ಒಂದೊಂದೇ ಮೆಟ್ಟಿಲು ಮೇಲೆ ಹೋದವು. ಗಡ್ಡದ ತುಂಬ ಜೇಡರಬಲೆ ಅಂಟಿಸಿಕೊಂಡಿದ್ದ ನಾಯಿಯನ್ನು ಅವಳು ಕಂಕುಳಲ್ಲಿ ಇರುಕಿಕೊಂಡು ಬಗ್ಗಿ ಅವನ ಕೈಗೆ ಕೊಟ್ಟಳು. ಕೊಟ್ಟವಳು ಇಳಿಯಲಿಲ್ಲ. ಅಲ್ಲೇ ನಿಂತು ಕೇಳಿದಳು:

"ಯಾವಾಗಿಂದ?"

"ಪಟ್ಟಿ ಬಿಚ್ಚಿದಾಗಿಂದ."

"ಮತ್ತೆ ನಾನು ದಿನಾ ತಿಕ್ಕಿದ್ದು?"

ಅವನು ನಾಯಿಯ ಗಡ್ಡದಿಂದ ಬಲೆ ತೆಗೆಯುತ್ತಿದ್ದ. "ಹಲ್ಲಿಗೆ ಗೋಡೆ ಕಂಡ್ರೆ ಭಯ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನನ್ನ ಕೈ ಬಿದ್ದು ಹೋಗೋದು ಕಣ್ರೀ. ಇಸ್ತ್ರಿ ಹಿಡಿದ ಕೈ. ಒಂದು ದಿನ... ಒಂದು ದಿನ ಸಾಕು ಬಿಡು ಅನ್ನಬಹುದಿತ್ತು." ಬೈಯಲು ಹೊರಟ ಮಾತು ಅರ್ಧಕ್ಕೇ ದಣಿದು ನಿಂತಿತು. ಇಳಿದು ಬಂದು ಗೋಡೆಗೊರಗಿ ನೆಲದ ಮೇಲೆ ಕೂತಳು. ಅವನು ಹಾಸಿಗೆಯ ಮೇಲೆ ಕೂತ.

"ಮೇಸ್ತ್ರಿಗೆ ನಾನು ಹೇಳಲ್ಲ," ಎಂದಳು ಕೊನೆಗೆ. "ನೀವೇ ಹೇಳಿ. ಕಾಲು ನೋವು ಅಂತ ಮಾತ್ರ ಹೇಳ್ಬೇಡಿ."

ಅವನು ಎದ್ದು, ಟೀ ಮಾಡಿ, ಅವಳ ಕೈಗೆ ಲೋಟ ಕೊಟ್ಟು, ಫೋನ್ ಹಿಡಿದು ಹಿತ್ತಲಿಗೆ ಹೋದ. ಹೇಳಬೇಕಾದ್ದು ಎರಡೇ ಮಾತು. ಹೇಳುವಾಗ ಮೂರು ಸಲ ಕೆಮ್ಮಿದ. ಆ ಕಡೆಯಿಂದ ಮೇಸ್ತ್ರಿ, "ಮೊದಲೇ ಹೇಳೋಕೇನಾಗಿತ್ತೋ ಗೂಬೆ," ಎಂದ. ಮತ್ತೆ ಅವನೇ, "ಕೆಳಗಡೆ ಗೇಟು, ಗ್ರಿಲ್ಲು ಇರ್ತವೆ. ಉಜ್ಜೋದು, ಬಳಿಯೋದು. ಹೊಸಬರಿಗೆ ಕೊಡೋ ಕೆಲಸ. ನೀನು ಮಾಡ್ತೀಯಾ?"

ಮೇಲೆ ಹಲಗೆಯ ಮೇಲೆ ಹೊಸಬರು, ಕೆಳಗೆ ಗೇಟಿನ ಮುಂದೆ ಕುಕ್ಕರಗಾಲಲ್ಲಿ ತಾನು. ಅವನಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವರ ಜೋಕಿಗೆ ಇನ್ನು ಕತ್ತೆತ್ತಿ ನಗಬೇಕಾದವನು ಅವನೇ.

"ಮಾಡ್ತೀನಿ," ಎಂದ.

ಒಳಗೆ ಬಂದಾಗ ಹೆಂಡತಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು. ಅರ್ಧ ಕುಡಿದ ಲೋಟ ಕೈಯಲ್ಲಿ ವಾಲಿ, ಟೀ ಅಂಚಿಗೆ ಬಂದು ನಿಂತಿತ್ತು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದುಕೊಂಡ. ಕೆಳಗಿಟ್ಟರೆ ಸದ್ದಾದೀತೆಂದು ಕೈಯಲ್ಲೇ ಹಿಡಿದುಕೊಂಡು ಕೂತ.